ಅಲಿಬಿ ಸಾಕ್ಷಿಗೂ ಮ್ಯಾಜಿಸ್ಟ್ರೇಟರ ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ಕೊಲೆ ಮೊಕದ್ದಮೆಗಳಲ್ಲಿ ಸಾಕ್ಷಿಗಳು ತಿರುಗಿಬೀಳುವ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವವರು ಪ್ರಾಸಿಕ್ಯೂಷನ್ ಕಡೆಯವರು. ಆರೋಪಿ ಆ ಹೊತ್ತಿನಲ್ಲಿ ಸ್ಥಳದಲ್ಲಿರಲಿಲ್ಲ, ನಮ್ಮೊಡನಿದ್ದ ಎಂದು ಹೇಳಬಂದವರು, ಅಂದರೆ ವಕೀಲರ ಭಾಷೆಯ ಅಲಿಬಿ ಸಾಕ್ಷಿಗಳು, ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಹಲವು ವರ್ಷ ಆರೋಪಿಗಳ ಪರ ವಾದಿಸಿದ ನನಗೆ ಒಬ್ಬ ಹಿಟ್ಟಿನ ಗಿರಣಿಯವನು ಮರೆಯುವುದಿಲ್ಲ. ನನ್ನ ಕಕ್ಷಿದಾರ ಆ ರಾತ್ರಿ ಒಂಬತ್ತರವರೆಗೆ ಗಿರಣಿಯಲ್ಲೇ ಇದ್ದು ಜೋಳ ಬೀಸಿಸಿಕೊಂಡು ಹೋದನೆಂದು ಅವನು ಹೇಳಿದ್ದ. ಅವನನ್ನು ಮೂರು ದಿನ ಠಾಣೆಗೆ ಕರೆಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ‘ನಿನ್ನ ಹೆಸರನ್ನೂ ಸೇರಿಸಬೇಕಾದೀತು, ನೋಡು’ ಎಂದರಂತೆ, ಅಷ್ಟೇ. ಮೂರು ದಿನವೂ ಗಿರಣಿ ಮುಚ್ಚಿತ್ತು. ನಾಲ್ಕನೆಯ ದಿನ, ಕಕ್ಷಿದಾರ ಗಿರಣಿಗೆ ಬಂದದ್ದು ಸೋಮವಾರವೋ ಮಂಗಳವಾರವೋ ತನಗೆ ನೆನಪಿಲ್ಲ ಎಂದುಬಿಟ್ಟ.

ಇದು ನಮ್ಮಲ್ಲಿ ಮಾತ್ರ ನಡೆಯುವುದಲ್ಲ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ದರೋಡೆಯ ವೇಳೆ ಪೊಲೀಸ್ ಅಧಿಕಾರಿಯೊಬ್ಬರೂ ಅಂಗಡಿಯ ಗುಮಾಸ್ತೆಯೂ ಕೊಲೆಯಾದರು. ಆರೋಪಿ ಆಲ್ಫ್ರೆಡ್ ಡಿವೇನ್ ಬ್ರೌನ್‌ನ ಗೆಳತಿ, ಅವನು ಆ ಬೆಳಿಗ್ಗೆ ತನ್ನ ಮನೆಯಲ್ಲಿದ್ದ, ಅಲ್ಲಿಂದಲೇ ತಾನು ಕೆಲಸ ಮಾಡುವಲ್ಲಿಗೆ ಫೋನ್ ಮಾಡಿದ್ದ ಎಂದು ಗ್ರ್ಯಾಂಡ್ ಜ್ಯೂರಿಯ, ಅಂದರೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿಯ, ಮುಂದೆ ಹೇಳಿದಳು. ಆ ಜ್ಯೂರಿಯ ಮುಖ್ಯಸ್ಥ ಸೇವೆಯಲ್ಲಿದ್ದ ಪೊಲೀಸ್ ಅಧಿಕಾರಿ! ಮಕ್ಕಳು ಕೈತಪ್ಪಿಯಾರೆಂದು ಅವಳನ್ನು ಬೆದರಿಸಲಾಯಿತು. ಸುಳ್ಳು ಸಾಕ್ಷ್ಯದ ಆರೋಪ ಹೊರಿಸಿ ತಿಂಗಳುಗಟ್ಟಲೆ ಜೈಲಿನಲ್ಲಿಡಲಾಯಿತು. ಅವಳು ಹೇಳಿಕೆ ಬದಲಿಸಿದಳು. 2005ರಲ್ಲಿ ಬ್ರೌನ್‌ಗೆ ಮರಣದಂಡನೆ ವಿಧಿಸಲಾಯಿತು. 2013ರಲ್ಲಿ ತನಿಖೆ ನಡೆಸಿದ್ದ ಪತ್ತೇದಾರನ ಮನೆಯ ಗ್ಯಾರೇಜಿನಲ್ಲಿ ಸಿಕ್ಕ ಕಡತಗಳಲ್ಲಿ ಆ ಫೋನ್ ಕರೆಯ ದಾಖಲೆಯಿತ್ತು. ಬ್ರೌನ್ ಹೊರಬಂದದ್ದು 2015ರಲ್ಲಿ. ಇದರ ಬಗ್ಗೆ ಹಟ ಹಿಡಿದು ಬರೆದವರು ಒಬ್ಬ ಪತ್ರಿಕಾ ಅಂಕಣಕಾರ್ತಿ ಎಂಬುದನ್ನು ಪತ್ರಿಕೆಗೇ ಬರೆಯುವ ಈ ಪತ್ರದಲ್ಲಿ ಹೇಳದಿರಲಾರೆ.

ನಮ್ಮಲ್ಲಿ ಗ್ರ್ಯಾಂಡ್ ಜ್ಯೂರಿ ಇಲ್ಲ, ಆದರೆ ಬೇರೊಂದು ಇಕ್ಕಟ್ಟಿದೆ. 1999ರಲ್ಲಿ ಜೋಗೇಂದ್ರ ನಾಹಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನಿಖಾಧಿಕಾರಿ ಕರೆತಾರದ ಸಾಕ್ಷಿ ತಾನಾಗಿ ಮ್ಯಾಜಿಸ್ಟ್ರೇಟರ ಬಳಿ ಹೋಗಿ ಹೇಳಿಕೆ ದಾಖಲಿಸುವಂತಿಲ್ಲ ಎಂದಿತು. ಆರೋಪಿಗಳು ಸಾಕ್ಷಿಗಳನ್ನು ಸಾಲುಗಟ್ಟಿಸಿ ತಂದಾರು ಎಂಬ ನ್ಯಾಯಾಲಯದ ಆತಂಕ ಸುಳ್ಳಲ್ಲ. ಆದರೆ ಅಲಿಬಿ ಸಾಕ್ಷಿಯ ಪಾಡೇನು? ಆರೋಪಿಯನ್ನು ಹಿಡಿದ ಪೊಲೀಸರ ಬಳಿಗೇ ಅವನು ಮೊದಲು ಹೋಗಬೇಕು. ಹೋಗದೆ, ವರ್ಷಗಳ ನಂತರ ಸೆಷನ್ಸ್ ನ್ಯಾಯಾಲಯದ ಕಟಕಟೆ ಹತ್ತಿದರೆ, ‘ಇಷ್ಟು ದಿನ ಪೊಲೀಸರಿಗೆ ಏಕೆ ಹೇಳಲಿಲ್ಲ?’ ಎಂಬುದೇ ಪಾಟೀಸವಾಲಿನ ಮೊದಲ ಪ್ರಶ್ನೆ.

ಹೊಸ ಸಾಕ್ಷ್ಯ ಅಧಿನಿಯಮದ 9ನೇ ಕಲಮು ಅಲಿಬಿಗೆ ಕೊಡುವ ಉದಾಹರಣೆಯಲ್ಲಿ ಅಪರಾಧ ನಡೆದದ್ದು ಚೆನ್ನೈಯಲ್ಲಿ, ಆರೋಪಿ ಇದ್ದದ್ದು ಲಡಾಖಿನಲ್ಲಿ. ಹಳೆಯ ಕಾಯ್ದೆಯಲ್ಲಿ ಅದು ಕಲ್ಕತ್ತಾ ಮತ್ತು ಲಾಹೋರ್ ಆಗಿತ್ತು. ನಾನು ಕಂಡ ಆರೋಪಿಗಳಲ್ಲಿ ಲಡಾಖಿಗೆ ಹೋದವರು ಯಾರೂ ಇಲ್ಲ; ಅವರು ಪಕ್ಕದ ಊರಿನ ಅತ್ತೆಮನೆಯಲ್ಲೋ ತೋಟದ ಮನೆಯಲ್ಲೋ ಇದ್ದವರು. ಹಾಗಿದ್ದ ಮೇಲೆ ಸಾಕ್ಷಿ ಹೇಳಬೇಕಾದವರು ಹೆಂಡತಿ, ಮಾವ, ಆಳುಕಾಳುಗಳೇ. ‘ನೆಂಟರ ಮಾತು’ ಎಂದು ಅದನ್ನು ತಳ್ಳಿಹಾಕುವುದು ಸುಲಭ. ಪ್ರತಿವಾದದ ಸಾಕ್ಷಿಗಳನ್ನೂ ಪ್ರಾಸಿಕ್ಯೂಷನ್ ಸಾಕ್ಷಿಗಳಂತೆಯೇ ಸಮಾನವಾಗಿ ಕಾಣಬೇಕೆಂದು 1981ರಲ್ಲಿ ದೂಧನಾಥ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದ್ದರೂ ಕೆಳ ನ್ಯಾಯಾಲಯಗಳಲ್ಲಿ ಆ ಅಪನಂಬಿಕೆ ಇನ್ನೂ ಕರಗಿಲ್ಲ.

2018ರ ಸಾಕ್ಷಿ ರಕ್ಷಣಾ ಯೋಜನೆಯಿಂದಲೂ ಇವರಿಗೆ ಹೆಚ್ಚೇನೂ ದಕ್ಕದು, ಏಕೆಂದರೆ ಬೆದರಿಕೆ ಎಷ್ಟಿದೆಯೆಂದು ವರದಿ ಕೊಡಬೇಕಾದವರು ಪೊಲೀಸರೇ. ಆದ್ದರಿಂದ ಮ್ಯಾಜಿಸ್ಟ್ರೇಟರು ಹೇಳಿಕೆ ದಾಖಲಿಸುವುದನ್ನು ಕುರಿತ, ನಾಗರಿಕ ಸುರಕ್ಷಾ ಸಂಹಿತೆಯ (ಹೊಸ ದಂಡ ಪ್ರಕ್ರಿಯಾ ಸಂಹಿತೆಯ) 183ನೇ ಕಲಮಿಗೆ ತಿದ್ದುಪಡಿ ತಂದು, ಬಂಧನವಾದ ಇಂತಿಷ್ಟು ದಿನಗಳೊಳಗೆ ಆರೋಪಿ ಹೆಸರಿಸಿದ ಒಬ್ಬಿಬ್ಬರು ಅಲಿಬಿ ಸಾಕ್ಷಿಗಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೇ ಪ್ರಮಾಣ ಮಾಡಿಸಿ ದಾಖಲಿಸಿಕೊಳ್ಳಲು ಅವಕಾಶ ಕೊಡಬೇಕು. ಸಂಖ್ಯೆಗೂ ದಿನಕ್ಕೂ ಮಿತಿ ಇದ್ದರೆ ಸಾಲುಗಟ್ಟುವ ಭಯವಿರದು. ಸಾಕ್ಷಿ ಸುಳ್ಳು ಹೇಳಿದ್ದರೆ ಅದೂ ಅಂದೇ ದಾಖಲಾಗಿ, ಮುಂದೆ ಅವನಿಗೇ ಉರುಳಾದೀತು.

ಇಂತಿ,
ಓರ್ವ ಹಿರಿಯ ವಕೀಲ