ಹುಷಾರಾಗಿದ್ದೇನೆ ಎಂದರೂ ಬಿಡದವರಿಗೆ

ಕಳೆದ ವಾರ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಕರುಳಿನ ಒಳಗೆ ನೋಡುವ ಪರೀಕ್ಷೆ) ಮುಗಿಸಿ ಮಂಪರು ಇಳಿಯುವಾಗ ಡಾಕ್ಟರು ಹೇಳಿದ್ದು ಇಷ್ಟೇ: "ಐ ಝೀರೋ ಕಣಮ್ಮ." ಆಪರೇಷನ್ನಿನಲ್ಲಿ ಕರುಳು ಜೋಡಿಸಿದ ಜಾಗದಲ್ಲಿ ಒಂದೂ ಹುಣ್ಣಿಲ್ಲ ಎಂದರ್ಥ. ಜೊತೆಗಿದ್ದ ತಮ್ಮ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಈ ಕಾಯಿಲೆಯಲ್ಲಿ ನನ್ನ ಜೊತೆ ನಿಂತವರಿಗೆ ಎದುರೆದುರು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗಿರುವುದು ಕ್ರೋನ್ಸ್ ಕಾಯಿಲೆ, ಕರುಳಿನಲ್ಲಿ ಉರಿಯೂತ, ಹುಣ್ಣು ಮತ್ತೆ ಮತ್ತೆ ಏಳುವ ಕಾಯಿಲೆ. ಮೊದಲು ಕರುಳಿನ ಕ್ಷಯ ಎಂದುಕೊಂಡು ಆರು ತಿಂಗಳು ಅದರ ಮಾತ್ರೆ ನುಂಗಿದ್ದೆ. ಎರಡನ್ನೂ ಬೇರೆಮಾಡಿ ಗುರುತಿಸುವುದು ಕಷ್ಟ. ನಮ್ಮ ದೇಶದಲ್ಲಿ ಎಷ್ಟೋ ಜನ ಈ ದಾರಿಯಲ್ಲೇ ಬಂದವರು. ಕೊನೆಗೆ ಕರುಳು ಕಟ್ಟಿಕೊಂಡು, 2023ರ ಆಗಸ್ಟ್‌ನಲ್ಲಿ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಸಣ್ಣ ಕರುಳಿನ ಕೊನೆಯ 35 ಸೆಂಟಿಮೀಟರ್ ತೆಗೆದರು. ಮೂರು ತಿಂಗಳಲ್ಲಿ ಆರು ಕೆಜಿ ತೂಕ ಏರಿತು, ಪಾಠ ಮಾಡಲು ಶಾಲೆಗೆ ಹೋಗತೊಡಗಿದೆ. ಇನ್ನು ಮುಗಿಯಿತು ಅಂದುಕೊಂಡೆ.

ಡಾಕ್ಟರು ಒಪ್ಪಲಿಲ್ಲ. "ಇದು ಹೊಲಿಗೆಯ ಮೇಲ್ಗಡೆಯೇ ಮತ್ತೆ ಶುರುವಾಗುತ್ತೆ. ಹುಣ್ಣು ಮೊದಲು ಏಳುತ್ತೆ, ನೋವು ಎಷ್ಟೋ ತಿಂಗಳ ಮೇಲೆ ಬರುತ್ತೆ. ಆರು ತಿಂಗಳಿಗೆ ಕೊಲೊನೊಸ್ಕೋಪಿ ಮಾಡಿ ನೋಡಲೇಬೇಕು" ಎಂದರು. ನಾನು ಎರಡು ಸಲ ದಿನ ಮುಂದೂಡಿದೆ. ಎರಡು ಸಲವೂ ಅಲ್ಲಿನ ಸಿಸ್ಟರ್ ಫೋನ್ ಮಾಡಿದರು. ಬೈಯಲಿಲ್ಲ, "ಯಾವಾಗ ಬರ್ತೀರಿ ಅಕ್ಕ?" ಅಂತ ಕೇಳಿ ಸುಮ್ಮನಾದರು. ಆ ಸುಮ್ಮನಿರುವಿಕೆಗೆ ನಾನು ಋಣಿ.

ಮಲದಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಪರೀಕ್ಷೆಯೊಂದಿದೆ. ಕರುಳಲ್ಲಿ ಉರಿಯೂತವಿದ್ದರೆ ಅದು ಏರುತ್ತದೆ. ಆ ಪರೀಕ್ಷೆಯ ಮಲದ ಡಬ್ಬಿಯನ್ನು ಮುಂಜಾನೆಯ ಮೊದಲ ಬಸ್ಸಿನಲ್ಲಿ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಸಿ ಲ್ಯಾಬಿಗೆ ಮುಟ್ಟಿಸಿದವನು ನನ್ನ ತಮ್ಮ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಈ ಕಾಯಿಲೆಯಲ್ಲಿ ನೋವಿಗಿಂತ ಸಂಕೋಚ ಹೆಚ್ಚು ಹಿಂಸೆ ಕೊಡುತ್ತದೆ. ಅವನು ಅದನ್ನು ಹತ್ತಿರ ಬರಗೊಡಲಿಲ್ಲ.

ಕೊಲೊನೊಸ್ಕೋಪಿಯ ದಿನ ಬಂದದ್ದು 2024ರ ಫೆಬ್ರವರಿಯಲ್ಲಿ. ಕರುಳು ಖಾಲಿಮಾಡುವ ಭೇದಿಯ ಪುಡಿ ಕುಡಿದು ಘಾಟಿಯಲ್ಲಿ ಬಸ್ಸು ಹತ್ತುವುದು ಆಗದ ಮಾತು. ಹಿಂದಿನ ದಿನವೇ ಮಂಗಳೂರಿಗೆ ಹೋಗಿ ಕಾಲೇಜಿನ ಗೆಳತಿಯ ಮನೆಯಲ್ಲಿ ಉಳಿದೆ. ಅವಳ ಅಮ್ಮ ಬಚ್ಚಲಿಗೆ ಹತ್ತಿರವಿದ್ದ ತಮ್ಮ ಕೋಣೆಯನ್ನೇ ನನಗೆ ಬಿಟ್ಟುಕೊಟ್ಟು ಹಜಾರದಲ್ಲಿ ಚಾಪೆ ಹಾಸಿಕೊಂಡರು. ರಾತ್ರಿ ಮೂರು ಸಲ ಎದ್ದು ಎಳನೀರು, ಸೋಸಿದ ಗಂಜಿತಿಳಿ ತಂದಿಟ್ಟು ಹೋದರು. ಅಮ್ಮಾ, ಆ ರಾತ್ರಿ ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಈಗ ಹೇಳುತ್ತಿದ್ದೇನೆ: ನಿಮ್ಮನ್ನು ಮರೆಯುವುದಿಲ್ಲ.

ಮರುದಿನ ಕಂಡದ್ದು ಐ ಟೂ. ಬೆಲ್ಜಿಯಂನ ಡಾ. ರುಟ್ಗೀರ್ಟ್ಸ್ ಹೆಸರಿನ, ಕಾಯಿಲೆ ಎಷ್ಟು ಮರಳಿದೆ ಎಂದು ಹೇಳುವ ಅಳತೆಯಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಎರಡು ಎಂದರೆ ಐದಕ್ಕಿಂತ ಹೆಚ್ಚು ಸಣ್ಣ ಹುಣ್ಣು. ನನಗೆ ಹೊಟ್ಟೆನೋವು ಎಳ್ಳಷ್ಟೂ ಇರಲಿಲ್ಲ! ಕ್ಷಯ ಎಲ್ಲೂ ಅಡಗಿ ಕೂತಿಲ್ಲವೆಂದು ಪರೀಕ್ಷಿಸಿ, ಹದಿನೈದು ದಿನಕ್ಕೊಂದು ಅಡಲಿಮುಮಾಬ್ ಎಂಬ, ಉರಿಯೂತ ತಗ್ಗಿಸುವ ಇಂಜೆಕ್ಷನ್ ಶುರುಮಾಡಿದರು.

ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಜುಲೈ ಮಳೆಗೆ ನಮ್ಮೂರಲ್ಲಿ ಮೂರು ದಿನ ಕರೆಂಟಿರಲಿಲ್ಲ. ಹೋಮ್‌ಸ್ಟೇ ನಡೆಸುವ ಪಕ್ಕದ ತೋಟದ ಅಣ್ಣ, ಅತಿಥಿಗಳಿಲ್ಲದಿದ್ದರೂ ನನ್ನ ಒಂದು ಸಿರಿಂಜಿಗಾಗಿ ಜನರೇಟರ್ ಓಡಿಸಿದರು. ಡೀಸೆಲ್ಲಿನ ದುಡ್ಡು ಕೊಡಹೋದರೆ ಕೈಗೆ ಎರಡು ಕಿತ್ತಳೆ ಕೊಟ್ಟು ಕಳಿಸಿದರು. ತಿಂಗಳಿಗೊಮ್ಮೆ ವಿಟಮಿನ್ ಬಿ-12 ಚುಚ್ಚುವ ಆರೋಗ್ಯ ಕೇಂದ್ರದ ಸಿಸ್ಟರ್, ನನ್ನ ಪೀರಿಯಡ್ ತೆಗೆದುಕೊಂಡ ಸಹೋದ್ಯೋಗಿಗಳು, ನಿಮಗೂ ಕೈಮುಗಿಯುತ್ತೇನೆ.

ಇಂಜೆಕ್ಷನ್ ನಿಲ್ಲುವುದಿಲ್ಲ, ಪರೀಕ್ಷೆಗಳೂ ನಿಲ್ಲುವುದಿಲ್ಲ. ಮುಂದಿನ ಡಬ್ಬಿ ಮೂರು ತಿಂಗಳಿಗೆ. ತಮ್ಮಾ, ಈ ಸಲ ಮೊದಲ ಬಸ್ಸಿಗೆ ನಾನೇ ಹೋಗುತ್ತೇನೆ, ನೀನು ಮಲಗಿರು.