ಸುಂಕದವರ ಮುಂದೆ ಸುಖದುಃಖ

ಈ ಬಾರಿಯ, ಅಂದರೆ 2025ರ ರಾಜ್ಯೋತ್ಸವ ಸಂಚಿಕೆಯ ಸಂಪಾದಕೀಯವನ್ನು ಮೈಸೂರಿನ ಸರಸ್ವತಿಪುರಂನಲ್ಲಿ, ಅಮ್ಮನ ಮನೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ದಸರೆ ನೋಡಿಕೊಂಡು ಹಿಂದಿರುಗಬೇಕೆಂದು ಬಂದವಳು ಅಮ್ಮನ ಮಂಡಿಯ ಆಪರೇಷನ್ನಿನಿಂದಾಗಿ ನವೆಂಬರಿನವರೆಗೂ ಉಳಿಯಬೇಕಾಯಿತು. (ರಾಜ್ಯೋತ್ಸವ ಸಂಚಿಕೆ ನವೆಂಬರ್ ಮುಗಿಯುವುದರೊಳಗೆ ಹೊರಬಂದರೆ ಅಮೆರಿಕದ ನಮ್ಮ ಕನ್ನಡ ಸಂಘದ ಮಟ್ಟಿಗೆ ಅದೇ ದೊಡ್ಡ ಸಂಗತಿ.) ದೊಡ್ಡ ದೇಶಗಳ ನಡುವಿನ ಸುಂಕದ ಬಿಕ್ಕಟ್ಟಿನ ಬಗ್ಗೆ ಈ ಸಲ ಬರೆಯಬೇಕೆಂದು ಸಮಿತಿಯವರು ಹೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಪಾಂಡವಪುರ ತಾಲ್ಲೂಕಿನ ನಮ್ಮ ಚಿಕ್ಕಪ್ಪನ ಮನೆ. ಆ ಮನೆಯಲ್ಲಿ ಚಿಕ್ಕಮ್ಮ ಡೇರಿಗೆ ಹಾಲು ಹಾಕುತ್ತಾರೆ, ದೊಡ್ಡ ಮಗ ಕಬ್ಬು ಬೆಳೆಯುತ್ತಾನೆ, ಅವನ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಚಿಕ್ಕ ಮಗ ನಮ್ಮಂತೆಯೇ ಅಮೆರಿಕದಲ್ಲಿದ್ದಾನೆ. ಈ ವರ್ಷದ ಜಗಳ ಈ ನಾಲ್ವರನ್ನೂ ಮುಟ್ಟಿದೆ. ಒಬ್ಬೊಬ್ಬರನ್ನು ಒಂದೊಂದು ದಿಕ್ಕಿಗೆ ಎಳೆದಿದೆ.

ಚಿಕ್ಕ ಮಗನ ಕಥೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಂಥದ್ದನ್ನು ಅನುಭವಿಸಿದವರು ಸಂಘದಲ್ಲೇ ಇದ್ದಾರೆ. ತಾತನಿಗೆ ಎಡೆ ಇಡುವುದಕ್ಕೆಂದು ಅವನು ಮಾರ್ಲಮಿ ಹಬ್ಬಕ್ಕೆ ಊರಿಗೆ ಬಂದಿದ್ದ. ಸೆಪ್ಟೆಂಬರ್ 20ರ ಶನಿವಾರ ಬೆಳಿಗ್ಗೆ, ಅಂದರೆ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಎಚ್‌-1ಬಿ ಉದ್ಯೋಗ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿ ಅಮೆರಿಕದ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದ್ದಾರೆಂದೂ, ನಮ್ಮ ಲೆಕ್ಕದಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಮೆರಿಕದ ನೆಲ ಮುಟ್ಟಬೇಕೆಂದೂ ಅವನ ಕಂಪನಿಯಿಂದ ಸಂದೇಶ ಬಂತು. ಪಾಂಡವಪುರದಿಂದ ದೇವನಹಳ್ಳಿ, ಅಲ್ಲಿಂದ ಟೆಕ್ಸಾಸ್. ಅಷ್ಟರೊಳಗೆ ತಲುಪುವ ವಿಮಾನ ಯಾವುದೂ ಇರಲಿಲ್ಲ. ಆದರೂ ಕೈಗೆ ಸಿಕ್ಕ ಟಿಕೆಟ್ಟನ್ನು ಕೇಳಿದಷ್ಟು ಕೊಟ್ಟು ಕೊಂಡು ಹೊರಟ. ಹೊಸ ಅರ್ಜಿಗಳಿಗೆ ಮಾತ್ರ ಶುಲ್ಕ, ಈಗಾಗಲೇ ವೀಸಾ ಇರುವವರಿಗೆ ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ಶ್ವೇತಭವನದಿಂದ ಬರುವ ಹೊತ್ತಿಗೆ ಅವನು ವಿಮಾನ ನಿಲ್ದಾಣದಲ್ಲಿದ್ದ. ಬೆಳಗಿನ ಜಾವ ನಾಲ್ಕು ಗಂಟೆಗೆ ಟ್ಯಾಕ್ಸಿಯಲ್ಲಿ ವಾಪಸು ಬಂದು, ಸ್ನಾನ ಮಾಡಿ, ಎಡೆಯ ಮುಂದೆ ಕೂತ. ಟಿಕೆಟ್ಟಿನ ದುಡ್ಡು ಹೋಯಿತು. ಚಿಕ್ಕಪ್ಪ ಆ ದಿನವೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಅಲ್ಲ ಕಣವ್ವ, ರಾತ್ರಿ ಒಂದು ಮಾತು, ಬೆಳಿಗ್ಗೆ ಒಂದು ಮಾತು ಅಂದ್ರೆ ಅದೆಂಥಾ ಸರ್ಕಾರ?"

ಚಿಕ್ಕಪ್ಪನ ಈ ಪ್ರಶ್ನೆಯೇ ಈ ವರ್ಷದ ಇಡೀ ವಿದ್ಯಮಾನದ ತಿರುಳೆಂದು ನನಗೆ ತೋರುತ್ತದೆ. ಸುಂಕ ಹೊಸದಲ್ಲ, ಶಕ್ತ ದೇಶಗಳ ಹಟವೂ ಹೊಸದಲ್ಲ. ಆದರೆ ಏಪ್ರಿಲ್ 2ರಂದು ಅಮೆರಿಕ ಜಗತ್ತಿನ ಬಹುತೇಕ ಎಲ್ಲ ದೇಶಗಳ ಮೇಲೆ ಘೋಷಿಸಿದ ಸುಂಕವನ್ನು ಒಂದು ವಾರದಲ್ಲಿ ತೊಂಬತ್ತು ದಿನಗಳ ಮಟ್ಟಿಗೆ ತಡೆಹಿಡಿಯುವುದು, ಚೀನಾದ ಸರಕಿನ ಮೇಲಿನ ಸುಂಕವನ್ನು ಶೇ 145ಕ್ಕೆ ಏರಿಸಿ ಮೇ ತಿಂಗಳಲ್ಲಿ ಜಿನೀವಾ ಮಾತುಕತೆಯ ನಂತರ ಶೇ 30ಕ್ಕೆ ಇಳಿಸುವುದು, ಒಂದು ಪ್ರಾಂತ್ಯದ ಟಿ.ವಿ. ಜಾಹೀರಾತಿಗೆ ಕೋಪಿಸಿಕೊಂಡು ಕೆನಡಾದೊಡನೆ ಮಾತುಕತೆಯನ್ನೇ ಮುರಿಯುವುದು, ಇವೆಲ್ಲ ಒಂದೇ ವರ್ಷದಲ್ಲಿ ನಡೆದಾಗ, ಸುಂಕದ ಪ್ರಮಾಣಕ್ಕಿಂತ ಅದು ನಾಳೆ ಎಷ್ಟಿರುತ್ತದೆಂಬುದು ತಿಳಿಯದಿರುವುದೇ ಹೆಚ್ಚಿನ ಹೊರೆಯಾಗುತ್ತದೆ.

ಆ ಹೊರೆಯನ್ನು ಹತ್ತಿರದಿಂದ ನೋಡಿದ್ದು ದೊಡ್ಡ ಸೊಸೆಯ ಮೂಲಕ. ಶ್ರೀರಂಗಪಟ್ಟಣದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅವಳು ಟೈಲರ್. ಅಂಗಿಯ ಕಾಲರ್ ಕೂರಿಸುವ ಕೆಲಸ, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್. ಬೆಳಿಗ್ಗೆ ಏಳಕ್ಕೆ ಊರ ಅರಳಿಕಟ್ಟೆಯ ಬಳಿ ಬಸ್ಸು ಬರುತ್ತದೆ. ಭಾರತದ ಸರಕಿನ ಮೇಲೆ ಅಮೆರಿಕ ಆಗಸ್ಟ್ 7ರಿಂದ ಶೇ 25, ರಷ್ಯಾದ ತೈಲ ಕೊಳ್ಳುತ್ತಿರುವುದಕ್ಕೆ ದಂಡವಾಗಿ ಆಗಸ್ಟ್ 27ರಿಂದ ಇನ್ನೂ ಶೇ 25, ಹೀಗೆ ಒಟ್ಟು ಶೇ 50ರಷ್ಟು ಸುಂಕವನ್ನು ಮೊದಲೇ ಇದ್ದ ಸುಂಕದ ಮೇಲೆ ಹೇರಿತು. ಅದೇ ಅಂಗಿಯನ್ನು ಬಾಂಗ್ಲಾದೇಶದವರೋ ವಿಯೆಟ್ನಾಂನವರೋ ಹೊಲಿದು ಕಳಿಸಿದರೆ ಆಗ ಹೆಚ್ಚುವರಿ ಸುಂಕ ಶೇ 20 ಮಾತ್ರ ಇತ್ತು. ಅಂಗಿ ಹೊಲಿಯುವ ವ್ಯಾಪಾರದಲ್ಲಿ ಲಾಭದ ಅಂಚು ಬಹಳ ತೆಳು, ಆದ್ದರಿಂದ ಮೂವತ್ತು ಅಂಶಗಳ ಈ ಅಂತರವನ್ನು ಯಾವ ಮಾಲೀಕನೂ ಕೈಯಿಂದ ತುಂಬಿಕೊಡಲಾರ. ಫ್ಯಾಕ್ಟರಿ ಮುಚ್ಚಿಲ್ಲ, ಯಾರನ್ನೂ ಬಿಡಿಸಿಲ್ಲ. "ಓಟಿ ನಿಂತೋಯ್ತು ಕಣಕ್ಕ, ಅಷ್ಟೇಯ" ಎಂದಳು. ಆ ಓಟಿಯ, ಅಂದರೆ ಹೆಚ್ಚು ಹೊತ್ತಿನ ದುಡಿಮೆಯ ದುಡ್ಡಿನಲ್ಲಿ ಅವಳು ಮಗಳ ಸ್ಕೂಲ್ ವ್ಯಾನಿನ ಬಾಬ್ತು ಕಟ್ಟುತ್ತಿದ್ದಳು. ಈಗ ಮಗು ಸರ್ಕಾರಿ ಬಸ್ಸು ಹಿಡಿಯುತ್ತದೆ.

ದಸರೆ ಶುರುವಾದ ಸೆಪ್ಟೆಂಬರ್ 22ರಂದೇ ಇಲ್ಲಿ ಜಿಎಸ್‌ಟಿ ದರಗಳು ಇಳಿದವು. ಎರಡೂವರೆ ಸಾವಿರ ರೂಪಾಯಿವರೆಗಿನ ಬಟ್ಟೆಗೆ ಈಗ ಶೇ 5. ಹೊರಗೆ ಹೋಗದ ಮಾಲು ಒಳಗೇ ಮಾರಾಟವಾಗಲೆಂಬ ಯೋಚನೆ ಸರಿಯಾದದ್ದೇ. ಆದರೆ ಚಿಕಾಗೋದ ಚಳಿಗೆಂದು, ಅಲ್ಲಿನವರ ಮೈಯಳತೆಗೆಂದು ಕತ್ತರಿಸಿದ ಅಂಗಿಯನ್ನು ಮೈಸೂರಿನಲ್ಲಿ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಎಂಬ ಬೋರ್ಡಿನ ಕೆಳಗೆ ಎಷ್ಟೆಂದು ಮಾರುವುದು?

ಇನ್ನು ಚಿಕ್ಕಮ್ಮ. ಅವರದು ಎರಡು ಎಚ್‌ಎಫ್ ತಳಿಯ ಹಸು, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಡೇರಿಗೆ ನಡೆಯುವ ಬದುಕು. ಭಾರತ ತನ್ನ ಹಾಲಿನ ಮಾರುಕಟ್ಟೆಯನ್ನು, ಜೋಳ, ಸೋಯಾಗಳ ಮಾರುಕಟ್ಟೆಯನ್ನು ತೆರೆಯಬೇಕೆಂಬುದು ಅಮೆರಿಕದ ಬೇಡಿಕೆಗಳಲ್ಲಿ ಮುಖ್ಯವಾದದ್ದು. ರೈತರ, ಮೀನುಗಾರರ, ಹೈನುಗಾರರ ಹಿತದ ವಿಷಯದಲ್ಲಿ ರಾಜಿಯಿಲ್ಲವೆಂದು ಪ್ರಧಾನಿಯವರು ಆಗಸ್ಟ್ 7ರಂದು, ಅಂದರೆ ಮೊದಲ ಕಂತಿನ ಸುಂಕ ಜಾರಿಗೆ ಬಂದ ದಿನವೇ ಹೇಳಿದರು. ಆ ನಿಲುವು ನನಗೆ ಒಪ್ಪಿಗೆ. ಸಾವಿರಾರು ಹಸುಗಳ ಅಮೆರಿಕದ ಹೈನು ಕಾರ್ಖಾನೆಯ ಎದುರು ಎರಡು ಹಸುವಿನ ಚಿಕ್ಕಮ್ಮನನ್ನು ನಿಲ್ಲಿಸುವುದು ಸ್ಪರ್ಧೆ ಎನಿಸಿಕೊಳ್ಳುವುದಿಲ್ಲ. ಆದರೆ ಪತ್ರಿಕೆಗಳಲ್ಲಿ ಯಾರೂ ಬರೆಯದ ಒಂದು ಮಾತನ್ನು ಇಲ್ಲಿ ಹೇಳಬೇಕು: ಅತ್ತೆಯ ಹಾಲಿಗೆ ಕಟ್ಟಿದ ಗೋಡೆಯ ಖರ್ಚಿನಲ್ಲಿ ಒಂದು ಪಾಲನ್ನು ಸೊಸೆ ತನ್ನ ಓಟಿಯಿಂದ ಕೊಟ್ಟಿದ್ದಾಳೆ. ‘ದೇಶ ಬಗ್ಗಲಿಲ್ಲ’ ಎಂದು ಚಪ್ಪಾಳೆ ತಟ್ಟುವವರು, ಆ ಬಗ್ಗದ ಬೆನ್ನು ಮನೆಯೊಳಗೆ ಯಾರದೆಂದು ನೋಡಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲವೆಂಬುದು ಹಳೆಯ ಗಾದೆ; ನಮ್ಮ ಸರ್ಕಾರದ ಮುಂದೆಯಾದರೂ ಅವಳು ಹೇಳಿಕೊಳ್ಳುವಂತಿರಬೇಕಲ್ಲವೇ?

ರಷ್ಯಾದ ತೈಲದ ವಿಚಾರಕ್ಕೆ ಬರೋಣ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗುವ ಮುನ್ನ ನಮ್ಮ ಆಮದಿನಲ್ಲಿ ರಷ್ಯಾದ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಯುರೋಪ್ ಕೈಬಿಟ್ಟ ತೈಲ ಅಗ್ಗವಾದಾಗ ಅದು ಮೂರನೆಯ ಒಂದು ಭಾಗವನ್ನೂ ಮೀರಿತು. ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ದೇಶ ಅಗ್ಗದ್ದನ್ನು ಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ತೈಲವನ್ನು ನಮಗಿಂತ ಹೆಚ್ಚು ಕೊಳ್ಳುವ ಚೀನಾದ ಮೇಲೆ ಇಂಥ ದಂಡ ಬೀಳಲಿಲ್ಲ. ಏಕೆಂದರೆ ಚೀನಾದ ಕೈಯಲ್ಲಿ ಅಯಸ್ಕಾಂತವಿದೆ.

ಇದು ರೂಪಕವಲ್ಲ. ವಿದ್ಯುತ್ ವಾಹನದ ಮೋಟಾರಿನಿಂದ ಹಿಡಿದು ಯುದ್ಧವಿಮಾನದವರೆಗೆ ಬೇಕಾಗುವ ಬಲವಾದ ಅಯಸ್ಕಾಂತಗಳು ವಿರಳ ಭಸ್ಮಲೋಹಗಳಿಂದ (ರೇರ್ ಅರ್ತ್) ಆಗುತ್ತವೆ, ಅವುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ತಯಾರಾಗುವುದು ಚೀನಾದಲ್ಲಿ. ಏಪ್ರಿಲ್ 4ರಂದು ಅದು ಏಳು ವಿರಳ ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಪರಿಣಾಮವನ್ನು ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಪರಿಚಿತರೊಬ್ಬರ ಶೆಡ್ಡಿನಲ್ಲಿ ಕಂಡೆ: ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ನಿಂತಿದೆ, ಅದರ ಮೇಲೆ ಆಯುಧಪೂಜೆಯ ಕುಂಕುಮ ಹಾಗೇ ಇದೆ, ಬೂದುಗುಂಬಳದ ಒಡಕು ಒಣಗಿ ಬಾಗಿಲಲ್ಲಿ ಬಿದ್ದಿದೆ. ಇವರ ಭಾಗಕ್ಕೂ ಅಯಸ್ಕಾಂತಕ್ಕೂ ನೇರ ಸಂಬಂಧವಿಲ್ಲ. ಆದರೆ ಇವರ ಭಾಗ ಕೂರುವ ಸ್ಕೂಟರಿನ ಮೋಟಾರಿಗೆ ಅಯಸ್ಕಾಂತ ಬಾರದಿದ್ದರೆ ಇವರಿಗೆ ಆರ್ಡರ್ ಬರುವುದಿಲ್ಲ.

ಇಲ್ಲಿ ಮೈಸೂರಿನವರಿಗೆ ಹಳೆಯದೊಂದು ನೆನಪಾಗಬೇಕು. 1914ಕ್ಕೆ ಮೊದಲು ಮೈಸೂರು ಸಂಸ್ಥಾನದ ಗಂಧದ ಕೊರಡು ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ತೆಗೆಯುವ ವಿದ್ಯೆ ಅವರಲ್ಲಿತ್ತು. ಮೊದಲ ಮಹಾಯುದ್ಧ ಬಂದು ಕೊಳ್ಳುವವರಿಲ್ಲದೆ ಗಂಧ ರಾಶಿ ಬಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಡ್‌ಬರೋ ಮತ್ತು ವ್ಯಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆ ಇಳಿಸುವ ಕ್ರಮವನ್ನು ಸಿದ್ಧಪಡಿಸಿಕೊಟ್ಟರು. 1916–17ರ ಹೊತ್ತಿಗೆ ಗಂಧದೆಣ್ಣೆ ಇಲ್ಲಿಯೇ ಇಳಿಯತೊಡಗಿತು, ಸಾಬೂನು ಅದರ ಬೆನ್ನಿಗೆ ಬಂತು. ನಾವು ಸೂಟ್‌ಕೇಸಿನಲ್ಲಿ ಡಜನ್‌ಗಟ್ಟಲೆ ತುಂಬಿಕೊಂಡು ಹೋಗುವ ಆ ಸಾಬೂನು ಒಂದು ಮಹಾಯುದ್ಧದ ಮಗು. ಅದೇ ಕಾಲದಲ್ಲಿ ತಿರುವಾಂಕೂರಿನ ಕಡಲತೀರದ ಮೊನಜೈಟ್ ಮರಳೂ ಗ್ಯಾಸ್ ದೀಪದ ಬಲೆಗೆಂದು ಜರ್ಮನಿಗೆ ಹೋಗುತ್ತಿತ್ತು. ಇಂದಿನ ವಿರಳ ಭಸ್ಮಲೋಹಗಳು ಸಿಗುವುದು ಆ ಮರಳಿನಲ್ಲಿಯೇ. ಗಂಧದ ವಿದ್ಯೆಯನ್ನು ಎರಡು ಮೂರು ವರ್ಷದಲ್ಲಿ ಕಲಿತ ನಾವು ಮರಳಿನ ವಿದ್ಯೆಯನ್ನು ನೂರು ವರ್ಷವಾದರೂ ಅಯಸ್ಕಾಂತದವರೆಗೆ ಒಯ್ಯಲಿಲ್ಲ. ಅದು ಗಲೀಜು ಕೆಲಸ, ಚೀನಾದಿಂದ ಅಗ್ಗವಾಗಿ ಸಿಗುತ್ತಿತ್ತು ಎಂಬುದು ಕಾರಣ. 2010ರಲ್ಲಿ ಚೀನಾ ಜಪಾನಿಗೆ ಇದೇ ಲೋಹಗಳನ್ನು ತಡೆದಾಗಲಾದರೂ ಎಚ್ಚೆತ್ತುಕೊಳ್ಳಬಹುದಿತ್ತು.

ದೊಡ್ಡವರ ಮನೆಯಲ್ಲೂ ಎಲ್ಲ ಸರಿಯಿಲ್ಲವೆಂಬುದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಸರ್ಕಾರಿ ಸಾಲ ಅಕ್ಟೋಬರಿನಲ್ಲಿ 38 ಲಕ್ಷ ಕೋಟಿ ಡಾಲರ್ ದಾಟಿತು. ಚೀನಾದಲ್ಲಿ ಮನೆ ಕಟ್ಟುವ ಉದ್ಯಮ ಕುಸಿದು ಜನ ಕೈ ಬಿಗಿಹಿಡಿದಿದ್ದಾರೆ, ಒಳಗೆ ಮಾರಾಟವಾಗದ್ದನ್ನೆಲ್ಲ ಅದು ಹೊರಗೆ ಕಳಿಸುತ್ತಿದೆ. ಜರ್ಮನಿಯ ಆರ್ಥಿಕತೆ 2023, 2024 ಎರಡೂ ವರ್ಷ ಕುಗ್ಗಿತು. ಉಕ್ರೇನ್ ಯುದ್ಧ ಶುರುವಾದ ನಂತರ ರಷ್ಯಾದ ಸುಮಾರು 30,000 ಕೋಟಿ ಡಾಲರ್ ಮೀಸಲು ಹಣವನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದದ್ದನ್ನು ಕಂಡ ಇತರ ದೇಶಗಳ ಕೇಂದ್ರ ಬ್ಯಾಂಕುಗಳು 2022ರಿಂದ 2024ರವರೆಗೆ ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ್ದಕ್ಕೆ ಅಶೋಕ ರಸ್ತೆಯ ಚಿನ್ನದಂಗಡಿಯವರನ್ನು ಬೈಯುವ ಚಿಕ್ಕಮ್ಮನಿಗೆ ಇದನ್ನು ವಿವರಿಸಲು ಹೋಗಿ ನಾನು ಸೋತೆ.

ಮಂಡ್ಯದ ಸಕ್ಕರೆಯ ಕಥೆಯನ್ನು ಮಾತ್ರ ಬಿಡುವ ಹಾಗಿಲ್ಲ, ಏಕೆಂದರೆ ಅದೂ ಸುಂಕದಿಂದಲೇ ಹುಟ್ಟಿದ್ದು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿಯುವ ಹೊತ್ತಿಗೆ ಜಗತ್ತು ಮಹಾ ಆರ್ಥಿಕ ಕುಸಿತದಲ್ಲಿತ್ತು. 1930ರಲ್ಲಿ ಅಮೆರಿಕ ಏರಿಸಿದ ಸುಂಕಕ್ಕೆ ಒಂದೊಂದೇ ದೇಶ ಸುಂಕದಿಂದಲೇ ಉತ್ತರಿಸುತ್ತಿತ್ತು. ಇತ್ತ 1932ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಜಾವಾದ ಸಕ್ಕರೆಯಿಂದ ಇಲ್ಲಿನ ಉದ್ಯಮವನ್ನು ಕಾಪಾಡಲು ಒಂದು ಕಾಯ್ದೆ ತಂದಿತು. ಆ ರಕ್ಷಣೆ 1946ರವರೆಗೆ, ಅಂದರೆ ಹದಿನಾಲ್ಕು ವರ್ಷ ಇರುತ್ತದೆಂದು ಮೊದಲೇ ಹೇಳಿತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ರಾಗಿಯ ಹೊಲದಲ್ಲಿ ಕಬ್ಬು ಎದ್ದಿತು. ಹದಿನಾಲ್ಕು ವರ್ಷದ ಭರವಸೆ ಇದ್ದರೆ ಯಂತ್ರ ತರಿಸಬಹುದು, ಬೀಜದ ಕಬ್ಬು ಹಂಚಬಹುದು, ರೈತನನ್ನು ಒಪ್ಪಿಸಬಹುದು. ತೊಂಬತ್ತು ದಿನದ ಗಡುವಿನಲ್ಲಿ ಒಂದು ಆಲೆಮನೆಯನ್ನೂ ಯಾರೂ ಹೂಡುವುದಿಲ್ಲ. ಈಗಿನ ಸುಂಕಗಳಿಂದ ಅಮೆರಿಕದಲ್ಲಿ ಕಾರ್ಖಾನೆಗಳು ಎದ್ದುಬರುತ್ತವೆಂದು ಹೇಳುವವರ ಮಾತನ್ನು ನಾನು ನಂಬದಿರುವುದು ಈ ಕಾರಣಕ್ಕೆ.

ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಟ್ರಂಪ್ ಮತ್ತು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಭೇಟಿಯಾಗಿ, ನವೆಂಬರ್ 10ರಿಂದ ಒಂದು ವರ್ಷದ ಮಟ್ಟಿಗೆ ಕದನವಿರಾಮ ಮಾಡಿಕೊಂಡಿದ್ದಾರೆ. ಅಕ್ಟೋಬರಿನಲ್ಲಿ ಬಿಗಿಗೊಳಿಸಿದ್ದ ವಿರಳ ಲೋಹಗಳ ನಿರ್ಬಂಧವನ್ನು ಚೀನಾ ಅಷ್ಟು ಕಾಲ ಅಮಾನತಿನಲ್ಲಿಟ್ಟಿದೆ, ಅಮೆರಿಕ ಸುಂಕದಲ್ಲಿ ಹತ್ತು ಅಂಶ ಇಳಿಸಿದೆ. ಈ ಸುದ್ದಿಯನ್ನು ನಾನು ಓದಿ ಹೇಳಿದಾಗ ದೊಡ್ಡ ತಮ್ಮ, ಅಂದರೆ ಚಿಕ್ಕಪ್ಪನ ದೊಡ್ಡ ಮಗ, ನಾಲೆಯ ಏರಿಯ ಮೇಲೆ ನಿಂತು ಕಬ್ಬಿನ ಲೋಡು ಕಟ್ಟಿಸುತ್ತಿದ್ದ. ಜುಲೈಯಲ್ಲಿ ಯೂರಿಯಾಕ್ಕೆಂದು ಸೊಸೈಟಿಯ ಮುಂದೆ ಮೂರು ದಿನ ಕ್ಯೂ ನಿಂತು ಎರಡೇ ಮೂಟೆ ತಂದವನು ಅವನು. "ಒಂದು ವರ್ಷ ಅಂದ್ರೆ ಒಂದು ಬೆಳೆ" ಎಂದು ಲೆಕ್ಕ ಹಾಕಿದ. ಆಮೇಲೆ, ಕಟಾವಾದ ಗದ್ದೆಯತ್ತ ಕೈ ತೋರಿಸಿ, "ಕೂಳೆ ಬಿಡ್ಲಾ, ಇಲ್ಲ ಉತ್ತುಬುಟ್ಟು ಭತ್ತಕ್ಕೆ ಮಾಡ್ಲಾ, ನೀನೇ ಹೇಳಕ್ಕ, ಪೇಪರ್ ಓದೋಳು" ಎಂದ. ಲೋಡು ಹೊರಡುವವರೆಗೂ ನಾನು ಏರಿಯ ಮೇಲೇ ನಿಂತಿದ್ದೆ. ಅವನೂ ಮತ್ತೆ ಕೇಳಲಿಲ್ಲ.