ಪುಸ್ತಕದ ಮಟ್ಟಕ್ಕೆ ಬಂದಿಲ್ಲ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಹೆಸರಾಂತ ಕಾದಂಬರಿಯೊಂದು ಸಿನಿಮಾ ಆದಾಗಲೆಲ್ಲ ವಾಚಕರ ಪತ್ರಗಳಲ್ಲಿ ಒಂದು ಸಾಲು ತಪ್ಪುವುದಿಲ್ಲ: ‘ಪುಸ್ತಕದ ಮಟ್ಟಕ್ಕೆ ಬಂದಿಲ್ಲ.’ ಕಾದಂಬರಿ ತತ್ತ್ವಜಿಜ್ಞಾಸೆಯದಾದರೆ ‘ಚಿಂತನೆಯೇ ಮಾಯವಾಗಿದೆ’ ಎಂಬುದೂ ಜೊತೆಗೆ ಸೇರುತ್ತದೆ. ದೂರು ಸುಳ್ಳೇನಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಚಿತ್ರ ತೆಗೆದವರಿಗೂ ಉಪಯೋಗವಿಲ್ಲ, ನೋಡಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ ಇಲ್ಲ. ಆ ಚಿಂತನೆ ಯಾವ ದೃಶ್ಯದಲ್ಲಿ ಕೈಬಿಟ್ಟುಹೋಯಿತು, ಅದರ ಜಾಗದಲ್ಲಿ ಏನನ್ನು ತಂದು ಕೂರಿಸಿದರು ಎಂದು ಕೇಳಿದರೆ ಮಾತ್ರ ಚರ್ಚೆ ಮುಂದೆ ಹೋಗುತ್ತದೆ.

ಮೊದಲು ಬರೀ ಲೆಕ್ಕ ನೋಡೋಣ. 150 ಪುಟದ ಕಾದಂಬರಿಯನ್ನು ಗಟ್ಟಿಯಾಗಿ ಓದಿದರೆ, ಪುಟಕ್ಕೆ 2 ನಿಮಿಷದಂತೆ ಹಿಡಿದರೂ 5 ಗಂಟೆ ಬೇಕು. ಚಿತ್ರಕಥೆಯಲ್ಲಿ ಪುಟಕ್ಕೊಂದು ನಿಮಿಷ ಎನ್ನುವುದು ರೂಢಿಯ ಅಳತೆ. 2 ಗಂಟೆಯ ಚಿತ್ರಕ್ಕೆ 120 ಪುಟ, ಅದರಲ್ಲೂ ಅರ್ಧಕ್ಕರ್ಧ ಬಿಳಿ ಜಾಗ. ಕಥೆಯೇ ಪ್ರಧಾನವಾದ ಕಾದಂಬರಿಯಾದರೆ ಎರಡು ಉಪಕಥೆ ಕಿತ್ತುಹಾಕಿ ಹೊಂದಿಸಬಹುದು. ತತ್ತ್ವದ ಕಾದಂಬರಿಯಲ್ಲಿ ನಡೆಯುವುದು ಕಡಿಮೆ, ನಡೆದದ್ದರ ಬಗ್ಗೆ ಯೋಚಿಸುವುದು ಹೆಚ್ಚು. ಹಾಗಾಗಿ ಕತ್ತರಿ ಬೀಳುವುದು ಯೋಚನೆಯ ಮೇಲೆಯೇ. ಇದು ನಿರ್ದೇಶಕರ ಅರಸಿಕತನ ಎಂದು ತೀರ್ಮಾನಿಸುವ ಮೊದಲು ಈ ಗಣಿತವನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ಕಣ್ಣೆದುರಿನ ಉದಾಹರಣೆ ‘ಸಂಸ್ಕಾರ’. ಆಚಾರ ಮುರಿದು ಬಾಳಿದ ನಾರಣಪ್ಪ ಸತ್ತಾಗ ಅವನ ಶವಸಂಸ್ಕಾರ ಮಾಡಬಹುದೇ ಎಂಬ ಪ್ರಶ್ನೆಯಲ್ಲಿ ಬ್ರಾಹ್ಮಣರ ಅಗ್ರಹಾರವೂ ಅಲ್ಲಿಯ ಪಂಡಿತ ಪ್ರಾಣೇಶಾಚಾರ್ಯರೂ ಸಿಕ್ಕಿಕೊಳ್ಳುವ ಕಥೆ ಅದು. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನದ ಚಿತ್ರ 1970ರದ್ದು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರು ಗಿರೀಶ ಕಾರ್ನಾಡ, ನಾರಣಪ್ಪನಾದವರು ಲಂಕೇಶ್, ಕಪ್ಪುಬಿಳುಪಿನಲ್ಲಿ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರ್ ಮೊದಲು ತಡೆಯೊಡ್ಡಿತು. ಕೊನೆಗೆ ಬಿಡುಗಡೆಯಾಗಿ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಬ್ರಾಹ್ಮಣ್ಯವನ್ನು ಬೈದಿದ್ದಾರೆ ಎಂದು ಸಿಟ್ಟಾದವರು ಒಂದು ಕಡೆ, ಬೈದದ್ದೇ ಸರಿ ಎಂದು ಮೆಚ್ಚಿದವರು ಇನ್ನೊಂದು ಕಡೆ. ಇಬ್ಬರೂ ಮಾತಾಡಿದ್ದು ಅಗ್ರಹಾರದ ಬಗ್ಗೆ. ಆಚಾರ್ಯರ ಧರ್ಮಸಂಕಟದ ಪ್ರಶ್ನೆ ಈ ಜಗಳದಲ್ಲಿ ಹಿಂದೆ ಸರಿಯಿತು.

ಹಾಗಾಗಲು ಕಾರಣ ಕಾದಂಬರಿಯ ಕಟ್ಟಡದಲ್ಲೇ ಇದೆ. ಮೊದಲ ಭಾಗದಲ್ಲಿ ಇರುವುದೆಲ್ಲ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಸಾಮಗ್ರಿ: ಸುಡದೆ ಬಿದ್ದಿರುವ ಹೆಣ, ಸತ್ತು ಬೀಳುವ ಇಲಿಗಳು, ಮನೆಯ ಮೇಲೆ ಕೂತ ಹದ್ದುಗಳು, ನಾರಣಪ್ಪನ ಜೊತೆ ಬಾಳಿದ ಚಂದ್ರಿ ಬಿಚ್ಚಿಟ್ಟ ಚಿನ್ನ, ಅದನ್ನು ಕಂಡ ಮೇಲೆ ಬದಲಾಗುವ ಮುಖಗಳು. ಮೂರನೆಯ ಭಾಗಕ್ಕೆ ಬಂದಾಗ ಆಚಾರ್ಯರು ಊರು ಬಿಟ್ಟು ನಡೆಯುತ್ತಿರುತ್ತಾರೆ, ದಾರಿಯಲ್ಲಿ ಜೊತೆಯಾದ ಮಾಲೇರ ಪುಟ್ಟ ಬೆನ್ನು ಬಿಡುವುದಿಲ್ಲ. ಹೊರಗಡೆ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಆಗುವುದಿಲ್ಲ. ಒಳಗಡೆ ಒಂದೇ ವಾದ ಸುತ್ತುತ್ತಿರುತ್ತದೆ: ಕಾಡಿನಲ್ಲಿ ಚಂದ್ರಿಯೊಂದಿಗೆ ಆದದ್ದು ತಾನು ಮಾಡಿದ್ದೋ, ತನಗೆ ಆದದ್ದೋ? ತಾನಾಗಿ ಆದದ್ದಾದರೆ ಅದಕ್ಕೆ ತಾನು ಹೊಣೆಯೇ?

ಮೇಳಿಗೆಯ ಜಾತ್ರೆಯಲ್ಲಿ ಅವರು ದೇವಸ್ಥಾನದ ಊಟಕ್ಕೆ ಕೂರುವ ಪ್ರಸಂಗವನ್ನೇ ತೆಗೆದುಕೊಳ್ಳಿ. ಚಿತ್ರವಾಗಿ ಕಾಣುವುದೇನು? ಪಂಕ್ತಿಯಲ್ಲಿ ಒಬ್ಬ ಗಂಡಸು, ಮುಂದೆ ಎಲೆ, ಬಡಿಸುವವರ ಓಡಾಟ. ಓದುವವನಿಗೆ ಗೊತ್ತಿರುವುದೇನು? ಹೆಂಡತಿ ಸತ್ತ ಸೂತಕದಲ್ಲಿ ಈತ ದೇವರ ಅನ್ನಕ್ಕೆ ಕೈಯಿಟ್ಟಿದ್ದಾನೆ. ಯಾರಾದರೂ ಗುರುತು ಹಿಡಿದರೆ ಆ ಕ್ಷಣಕ್ಕೆ ಮಾನ ಹೋಯಿತು. ಆ ಭಯವನ್ನು ತೆರೆಗೆ ತರಬೇಕಾದರೆ ಭಾಗೀರಥಿಯ ಸಾವು ಪ್ರೇಕ್ಷಕನ ನೆನಪಿನಲ್ಲಿ ಹಸಿಯಾಗಿರಬೇಕು, ಸೂತಕದ ನಿಯಮ ಮೊದಲೇ ಯಾರದೋ ಮಾತಿನಲ್ಲಿ ಕಿವಿಗೆ ಬಿದ್ದಿರಬೇಕು, ನಟ ಅನ್ನ ಕಲೆಸುವ ಕೈ ಒಂದು ಕ್ಷಣ ತಡೆಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಬರೀ ಊಟದ ದೃಶ್ಯ. ಓದಿರದವರು ‘ಕೊನೆಯ ಅರ್ಧ ಗಂಟೆ ಎಳೆದಿದ್ದಾರೆ’ ಎನ್ನುತ್ತಾರೆ. ಓದಿದವರಿಗೆ ಎಳೆದಂತೆ ಅನ್ನಿಸುವುದೇ ಇಲ್ಲ, ಏಕೆಂದರೆ ಪರದೆಯ ಮೇಲೆ ಇಲ್ಲದ್ದನ್ನು ಅವರು ನೆನಪಿನಿಂದ ತಂದು ತುಂಬಿಕೊಂಡಿರುತ್ತಾರೆ. ಇಬ್ಬರೂ ಒಂದೇ ಹಾಲ್‌ನಲ್ಲಿ ಕೂತು ಎರಡು ಸಿನಿಮಾ ನೋಡಿ ಎದ್ದಿರುತ್ತಾರೆ.

ಹಾಗಾದರೆ ಯೋಚನೆಯನ್ನು ಹಿನ್ನೆಲೆ ಧ್ವನಿಯಲ್ಲಿ ಹೇಳಿಸಿಬಿಡಿ ಎಂಬ ಸಲಹೆ ಸುಲಭವಾಗಿ ಬರುತ್ತದೆ. ನಿಧಾನವಾಗಿ ಮಾತಾಡುವ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 100 ಪದ ಹಿಡಿಸುತ್ತದೆ, ಅಂದರೆ ಪುಸ್ತಕದ ಅರ್ಧ ಪುಟಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ತುರುಕಿದರೆ ಕಿವಿ ವಾದವನ್ನು ಹಿಂಬಾಲಿಸುತ್ತದೆ, ಕಣ್ಣು ಸುಮ್ಮನೆ ಕೂರುತ್ತದೆ. ಫ್ರೆಂಚ್ ಲೇಖಕ ಕಮೂ ಅವರ ‘ದಿ ಸ್ಟ್ರೇಂಜರ್’ ಕಾದಂಬರಿಯನ್ನು 1967ರಲ್ಲಿ ಇಟಲಿಯ ನಿರ್ದೇಶಕ ವಿಸ್ಕಾಂಟಿ ಚಿತ್ರ ಮಾಡಿದಾಗ ಲೇಖಕರ ಪತ್ನಿ ಮೂಲಕ್ಕೆ ನಿಷ್ಠವಾಗಿರಬೇಕೆಂದು ಪಟ್ಟು ಹಿಡಿದಿದ್ದರು. ಘಟನೆಗಳು ಹೆಚ್ಚುಕಡಿಮೆ ಹಾಗೆಯೇ ಇವೆ. ಚಿತ್ರ ಮಾತ್ರ ಕಾದಂಬರಿಯಷ್ಟು ನಾಟುವುದಿಲ್ಲ. ನಾಯಕ ಸಮುದ್ರದಂಡೆಯಲ್ಲಿ ಮಾಡುವ ಕೊಲೆಯಲ್ಲಿ ಬಿಸಿಲು ಅವನನ್ನು ಅದುಮುವುದು ಕಮೂ ಅವರ ವಾಕ್ಯಗಳ ಒತ್ತಡದಿಂದ. ಪರದೆಯ ಮೇಲೆ ಉಳಿಯುವುದು ಹಣೆಯ ಬೆವರು, ಕಿರಿದಾದ ಕಣ್ಣು. ‘ಬಿಸಿಲಿಗೆ ಯಾರಾದರೂ ಕೊಲೆ ಮಾಡುತ್ತಾರೆಯೇ’ ಎಂದು ನಗುವ ಪ್ರೇಕ್ಷಕನನ್ನು ಗದರುವಂತಿಲ್ಲ. ಕಾದಂಬರಿಯ ನ್ಯಾಯಾಲಯದಲ್ಲೂ ಬಿಸಿಲಿನಿಂದಾಗಿ ಕೊಂದೆ ಎಂದು ಅವನು ಹೇಳಿದಾಗ ಜನ ನಗುತ್ತಾರೆ.

ಭಾಷಣ ಇನ್ನೊಂದು ದಾರಿ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು. ‘ದಿ ಫೌಂಟನ್‌ಹೆಡ್’ 1949ರಲ್ಲಿ ಚಿತ್ರವಾದಾಗ ಚಿತ್ರಕಥೆಯನ್ನು ಕಾದಂಬರಿಕಾರ್ತಿ ಐನ್ ರ‍್ಯಾಂಡ್ ಅವರೇ ಬರೆದರು, ನ್ಯಾಯಾಲಯದ ಭಾಷಣಕ್ಕೆ ಕತ್ತರಿ ಹಾಕಲು ಬಿಡಲಿಲ್ಲ. ನಾಯಕನ ಪಾತ್ರದ ಗ್ಯಾರಿ ಕೂಪರ್ ಐದಾರು ನಿಮಿಷ ನಿಂತು ಮಾತಾಡುತ್ತಾರೆ. ಆ ಲೇಖಕಿಯದೇ ‘ಅಟ್ಲಾಸ್ ಶ್ರಗ್ಡ್’ ಇನ್ನೂ ದೊಡ್ಡ ತಲೆನೋವು: ನಾಯಕನ ರೇಡಿಯೊ ಭಾಷಣವೊಂದೇ ಪುಸ್ತಕದಲ್ಲಿ ಸುಮಾರು 60 ಪುಟ. 2011, 2012 ಮತ್ತು 2014ರಲ್ಲಿ ಮೂರು ಭಾಗವಾಗಿ ಬಂದ ಚಿತ್ರದಲ್ಲಿ ಅದು ಕೆಲವೇ ನಿಮಿಷಕ್ಕೆ ಇಳಿಯಿತು. ವಿಮರ್ಶಕರು ಕೊಡವಿ ಹಾಕಿದರು, ಲೇಖಕಿಯ ಅಭಿಮಾನಿಗಳು ಮೊದಲ ಭಾಗಕ್ಕೆ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದದ್ದು ಚಿತ್ರಕ್ಕೋ, ತಾವು ಮೊದಲಿನಿಂದ ನಂಬಿದ ಸಿದ್ಧಾಂತಕ್ಕೋ ಎಂದು ಬೇರ್ಪಡಿಸುವುದು ಕಷ್ಟ. ಬೈಗುಳಕ್ಕೂ ಇದೇ ಮಾತು ಸಲ್ಲುತ್ತದೆ.

ಮೂಲವನ್ನು ಧೈರ್ಯವಾಗಿ ಬದಲಿಸಿದವರೂ ಇದ್ದಾರೆ. ಪೋಲೆಂಡಿನ ಲೇಖಕ ಲೆಮ್ ಅವರ ‘ಸೊಲಾರಿಸ್’ ಕಾದಂಬರಿ ಶುರುವಾಗುವುದೇ ನಾಯಕ ಅಂತರಿಕ್ಷ ನಿಲ್ದಾಣಕ್ಕೆ ಹೋಗುವುದರಿಂದ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿ 1972ರ ಚಿತ್ರದಲ್ಲಿ ಮೊದಲ ಮುಕ್ಕಾಲು ಗಂಟೆಯ ಹತ್ತಿರ ಭೂಮಿಯ ಮೇಲೇ ಕಳೆದರು, ಅಪ್ಪನ ಮನೆ, ಕೆರೆ, ಮಳೆ ಎಂದು. ಲೆಮ್ ಸಿಟ್ಟಾದರು. ಮನುಷ್ಯನ ಅರಿವಿಗೆ ನಿಲುಕದ ಒಂದು ಸಾಗರದ ಬಗ್ಗೆ ತಾನು ಬರೆದದ್ದು ಪಾಪಪ್ರಜ್ಞೆಯ ಕಥೆಯಾಯಿತೆಂಬುದು ಅವರ ಆಕ್ಷೇಪ. ಆಕ್ಷೇಪ ಸರಿಯಾಗಿಯೇ ಇದೆ, ಚಿತ್ರವೂ ದೊಡ್ಡದೇ.

ಇನ್ನು ಪ್ರದರ್ಶನದ ನಂತರದ ಸಂವಾದದ ವಿಷಯ. ಚಿತ್ರ ಸಮಾಜ, ಕಾಲೇಜು, ಸಾಹಿತ್ಯ ಸಂಘ ಎಲ್ಲ ಕಡೆ ಆಗುವುದು ಒಂದೇ. ದೀಪ ಹೊತ್ತಿದ ಕೂಡಲೇ ಮೈಕ್ ಮೊದಲ ಸಾಲಿನ ಹಿರಿಯರ ಕೈಗೆ ಹೋಗುತ್ತದೆ, ಅವರು ಕಾದಂಬರಿಯ ಬಗ್ಗೆ 15 ನಿಮಿಷ ಮಾತಾಡುತ್ತಾರೆ, ಪುಸ್ತಕ ಓದಿರದ ಹುಡುಗರು ಅಲ್ಲಿಗೆ ಬಾಯಿ ಮುಚ್ಚುತ್ತಾರೆ. ಚಿತ್ರ ತನ್ನ ಕಾಲ ಮೇಲೆ ನಿಂತಿದೆಯೇ ಎಂದು ಹೇಳಬಲ್ಲವರು ಆ ಹುಡುಗರೇ. ಆದ್ದರಿಂದ ಹತ್ತು ನಿಮಿಷ ಬಿಡುವು ಕೊಟ್ಟು, ಮೊದಲ ಸರದಿಯನ್ನು ಓದಿರದವರಿಗೇ ಮೀಸಲಿಡಬೇಕು. ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು ಸಾರ್’ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. ‘ಸಂಸ್ಕಾರ’ವಾದರೆ ‘ಆತ ಊರು ಬಿಟ್ಟದ್ದೇಕೆ’ ಎಂದು ಕೇಳಿ. ಹತ್ತು ಜನರಲ್ಲಿ ಎಂಟು ಜನ ಒಂದೇ ಉತ್ತರ ಕೊಟ್ಟರೆ ಚಿತ್ರ ಸ್ಪಷ್ಟವಾಗಿದೆ. ಉತ್ತರಗಳು ಬೇರೆಯಾಗಿದ್ದು, ಪ್ರತಿಯೊಂದಕ್ಕೂ ದೃಶ್ಯದ ಆಧಾರ ಇದ್ದರೆ ಚಿತ್ರ ಪ್ರಶ್ನೆಯನ್ನು ತೆರೆದಿಟ್ಟಿದೆ. ಯಾರೂ ದೃಶ್ಯ ತೋರಿಸಲಾರದೆ ಊಹೆಯಲ್ಲೇ ಉತ್ತರಿಸಿದರೆ ದೋಷ ಚಿತ್ರಕಥೆಯಲ್ಲಿದೆ. ಮೂಲ ಓದಿದವರು ಆಮೇಲೆ ಬರಲಿ, ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಬರಲಿ. ನೆನಪಿನಿಂದ ಹೇಳುವಾಗ ಮೂಲದಲ್ಲಿ ಇಲ್ಲದ ಮಾತೂ ಕಾದಂಬರಿಕಾರರ ತಲೆಗೆ ಅಂಟುತ್ತದೆ.

ಹೊರಭಾಷೆಯ ಚಿತ್ರಗಳಲ್ಲಿ ಸಬ್‌ಟೈಟಲ್ ಕೂಡ ಪ್ರತಿಕ್ರಿಯೆಯನ್ನು ಕೆಡಿಸುತ್ತದೆ. ಇಂಗ್ಲಿಷ್ ಸಬ್‌ಟೈಟಲ್‌ಗೆ ಎರಡು ಸಾಲು, ಸಾಲಿಗೆ 40 ಅಕ್ಷರದ ಆಸುಪಾಸು, ಆರೇಳು ಸೆಕೆಂಡು ಎಂಬುದು ರೂಢಿ. ತತ್ತ್ವದ ಮಾತು ಅದರೊಳಗೆ ಹಿಡಿಸದು, ಹಿಡಿಸಿದರೂ ಕಣ್ಣು ಪರದೆಯ ತಳದಲ್ಲೇ ನಿಲ್ಲುತ್ತದೆ. ‘ನಟನೆ ಸಪ್ಪೆ’ ಎಂದವರಲ್ಲಿ ಹಲವರು ನಟರ ಮುಖವನ್ನೇ ನೋಡಿರುವುದಿಲ್ಲ. ಮಾತು ಹೆಚ್ಚಿರುವ ಚಿತ್ರವಾದರೆ ಒಂದು ಪುಟದ ಕನ್ನಡ ಸಾರಾಂಶವನ್ನು ಮೊದಲೇ ಹಂಚುವುದು ಒಳ್ಳೆಯದು. ಕೊನೆ ಗೊತ್ತಾಗಿಬಿಡುತ್ತದೆ ಎಂಬ ಅಳುಕು ಇಂಥ ಚಿತ್ರಗಳಿಗೆ ಬೇಕಿಲ್ಲ; ಪತ್ತೇದಾರಿ ಕಥೆಯಲ್ಲವಲ್ಲ.

ಪತ್ರಿಕೆಯಲ್ಲಿ ನಮ್ಮದೊಂದು ಕೋರಿಕೆ. ಕಾದಂಬರಿ ಆಧಾರಿತ ಚಿತ್ರದ ವಿಮರ್ಶೆಯ ಕೆಳಗೆ, ವಿಮರ್ಶಕರು ಮೂಲವನ್ನು ಓದಿದ್ದಾರೆಯೇ, ಓದಿದ್ದರೆ ಚಿತ್ರಕ್ಕೆ ಮೊದಲೋ ಆಮೇಲೋ ಎಂಬ ಒಂದು ಸಾಲನ್ನು ಅಚ್ಚು ಹಾಕಿಸಿ. ಜಾಗವಿದ್ದರೆ ಓದಿದವರೊಬ್ಬರು, ಓದಿರದವರೊಬ್ಬರು ಬರೆದ ಎರಡು ಕಿರು ವಿಮರ್ಶೆಗಳನ್ನು ಪಕ್ಕಪಕ್ಕದಲ್ಲಿ ಕೊಡಿ. ನಕ್ಷತ್ರಗಳ ಸಾಲು ತೆಗೆದರೆ ಅಷ್ಟು ಜಾಗ ಸಿಗುತ್ತದೆ.

ಇತಿ,
ಚಿತ್ರ ಸಮಾಜವೊಂದರ ಸದಸ್ಯರು